ಮರಗಳು: ಇಲ್ಲ

ನಾನು ಹೋದದ್ದು ಜನವರಿಯಲ್ಲಿ. ಅದೇ ತಪ್ಪಾಯಿತು.
ಪ್ರಾವಿಡೆನ್ಸಿನಲ್ಲಿ ಅದು
ಬಿಟ್ಟ ಉಸಿರು ಕಾಲರಿನ ಮೇಲೆ ಬಿಳಿ ಉಪ್ಪಾಗುವ ಕಾಲ.
ನಗರಸಭೆಯ ಟೇಪು ಕೈಗವಸಿಗೆ ಅಂಟಿಕೊಳ್ಳುತ್ತಿತ್ತು.

ಕಾರ್ವರ್ ಬೀದಿ, ನಲವತ್ತೊಂದನೆಯ ನಂಬರು.
ಎರಡೂವರೆ ಅಂತಸ್ತು, ಮರದ ಗೋಡೆ, ಹಸಿರು ಬಣ್ಣ,
ಮೂರು ಸಲ ಬಳಿದದ್ದು, ಮೂರೂ ಬೇರೆ ಬೇರೆ ಹಸಿರು.
ಮೆಟ್ಟಿಲು ಏಳು; ಏಳನೆಯದು ಒಂದಂಗುಲ ತಗ್ಗು.
ಅದನ್ನೂ ಬರೆದುಕೊಂಡೆ. ನಾನು ಕೆಲಸಗಳ್ಳನಲ್ಲ.

ನುನ್ಸಿಯಾತಾ ಲೊಫ್ರೆದೊ ಬಾಗಿಲು ತೆರೆದಳು,
ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ.
ಕೋಣೆಯಿಂದ ಕೋಣೆಗೆ ನನ್ನ ಹಿಂದೆಯೇ ಬಂದಳು,
ನಾನು ಹಾಕಿದ ದೀಪಗಳನ್ನೆಲ್ಲ ಆರಿಸುತ್ತ:
ಕರೆಂಟು ಬಿಲ್ಲು ಇನ್ನೂ ನನ್ನ ಹೆಸರಿಗೇ ಬರುತ್ತೆ.

ನೆಲಮಾಳಿಗೆಯಲ್ಲಿ ಇನ್ನೊಂದು ಅಡುಗೆಮನೆ.
ಇದು ನಮಗೆ, ಅಂದಳು, ಟೊಮೆಟೊ ಕುದಿಸಲಿಕ್ಕೆ; ಮೇಲಿನದು ನೆಂಟರಿಗೆ.
ನಮ್ಮ ನಮೂನೆಯಲ್ಲಿ ಒಂದು ಮನೆಗೆ ಒಂದೇ ಒಲೆ.
ಉಗ್ರಾಣ, ಎಂದು ಬರೆದೆ.

ಪಕ್ಕದ ಮನೆಯ ಔರೆಲಿನೊ ಟವಾರೆಸ್ ಅಕ್ಟೋಬರಿನಲ್ಲೇ ರುಜು ಹಾಕಿದ್ದ.
ಹಣ ಕಡಿಮೆಯೇ, ಆದರೆ ಕಾಯುವುದಕ್ಕೂ ಹಣ ಬೇಕಲ್ಲ, ಅಂದನಂತೆ.
ಅವನ ಕಿಟಕಿಗಳಿಗೆ ಹಲಗೆ ಹೊಡೆದಾಗಿತ್ತು.
ಹಲಗೆಗಳ ಮೇಲೆ ಅವನ ಮಗಳೋ ಯಾರೋ
ಸೀಮೆಸುಣ್ಣದಲ್ಲಿ ಪರದೆ ಬರೆದಿದ್ದಳು, ನೆರಿಗೆ ಸಮೇತ.

ಹಿತ್ತಿಲು. ನಲವತ್ತಡಿಗೆ ಇಪ್ಪತ್ತೆರಡು. ಹಿಮ.
ನಡುವೆ ಆಳುದ್ದದ ಒಂದು ದಿಬ್ಬ,
ಮೇಲೆ ಹಳೇ ಜಮಖಾನ, ಕಿತ್ತ ಬಾಗಿಲು, ಒಣಗಿದೆಲೆ.
ಯಾರನ್ನೋ ಹೂತ ಹಾಗಿದೆಯಲ್ಲ, ಅಂದೆ, ತಮಾಷೆಗೆ.
ಹೌದು, ಅಂದಳು. ಏಪ್ರಿಲ್ಲಿನಲ್ಲಿ ಏಳುತ್ತಾನೆ.
ನನಗೆ ಚಳಿ. ಇನ್ನೂ ಎರಡು ಮನೆ ಬಾಕಿ.
ಕಸ, ಎಂದು ಬರೆದೆ. ಅದರ ಕೆಳಗಿನ ಸಾಲಿನಲ್ಲಿ,
ಮರಗಳು: ಇಲ್ಲ.

ಆ ಸಾಲನ್ನು ನಗರದ ವಕೀಲ ನ್ಯಾಯಾಲಯದಲ್ಲಿ ಗಟ್ಟಿಯಾಗಿ ಓದಿದ.
ನುನ್ಸಿಯಾತಾ ನಕ್ಕುಬಿಟ್ಟಳು. ನ್ಯಾಯಾಧೀಶರು ಚಾಳೀಸಿನ ಮೇಲಿಂದ ನೋಡಿದರು.
ಅಂಜೂರ, ಅಂದಳು. ನಮ್ಮಪ್ಪ ಕಲಾಬ್ರಿಯಾದಿಂದ
ಕೋಟಿನ ತೋಳಿನೊಳಗೆ ಅಡಗಿಸಿ ತಂದ ಕಡ್ಡಿ.
ಈ ಊರ ಚಳಿಯಲ್ಲಿ ಅದು ನಿಂತು ಬದುಕುವುದಿಲ್ಲ.
ನವೆಂಬರಿನಲ್ಲಿ ಒಂದು ಮಗ್ಗುಲಿನ ಬೇರು ಕಡಿದು,
ರೆಂಬೆಗಳನ್ನು ಹಗ್ಗದಲ್ಲಿ ಬಿಗಿದು, ಮೆಲ್ಲಗೆ ಬಾಗಿಸಿ
ಗುಂಡಿಯಲ್ಲಿ ಮಲಗಿಸುತ್ತೇವೆ. ಅರವತ್ತೆರಡು ವರ್ಷದಿಂದ.
ಈ ಮನುಷ್ಯ ಅದರ ಮೇಲೇ ನಿಂತು ಬರೆದುಕೊಂಡ.

ಸಾರ್ವಜನಿಕ ಹಿತ, ಎಂದಿತು ತೀರ್ಪು, ಇಪ್ಪತ್ತಾರು ಪುಟ.
ಅಂಜೂರಕ್ಕೆಂದು ನೂರೈವತ್ತು ಡಾಲರು ಸೇರಿಸಿದರು.
ಅಳೆದೂ ಸುರಿದೂ ಆ ಅಂಕಿ ಕೊಟ್ಟವನೂ ನಾನೇ.

ಮೂರೇ ವಾರ ಕೇಳಿದಳು, ಮನೆಗಲ್ಲ,
ಮಣ್ಣು ಸಡಿಲವಾಗುವವರೆಗೆ.
ಗುತ್ತಿಗೆದಾರನಿಗೆ ದಿನಕ್ಕಿಷ್ಟು ಎಂಬ ಲೆಕ್ಕ. ಆಗಲಿಲ್ಲ.
ಮಾರ್ಚಿಯಲ್ಲಿ ಯಂತ್ರ ಬಂದು ಮೂರು ಹಸಿರನ್ನೂ
ಒಂದೇ ಮಧ್ಯಾಹ್ನ ಲಾರಿಗೆ ತುಂಬಿತು.

ಅಲ್ಲಿ ಹೋಟೆಲು ಬರಬೇಕಿತ್ತು, ನೂರೆಂಬತ್ತು ಕೋಣೆಯದು.
ಕಂಪನಿಯವರು ಬೇರೆ ರಾಜ್ಯದಲ್ಲಿ ತೆರಿಗೆ ಕಮ್ಮಿ ಎಂದು ಹೋದರು.
ಐದು ವರ್ಷದಿಂದ ತಂತಿಬೇಲಿ, ಹುಲ್ಲು, ಬೆಕ್ಕುಗಳು.
ಕೆಲವು ಸಲ ಕಾರು ಅಲ್ಲಿ ನಿಲ್ಲಿಸಿ ಬುತ್ತಿ ತಿನ್ನುತ್ತೇನೆ.
ಯಾಕೆಂದು ಹೆಂಡತಿ ಕೇಳಿದಳು. ನೆರಳಿದೆ, ಅಂದೆ.
ಆಗ ಇರಲಿಲ್ಲ.

ಈ ಆಗಸ್ಟಿನಲ್ಲಿ ಕಂಡಿತು,
ಇಟ್ಟಿಗೆ ಚೂರುಗಳ ನಡುವೆ ಅಂಗೈಯಂಥ ಎಲೆ, ಒರಟು, ಸೀಳು ಸೀಳು.
ಬೇಲಿಯ ಸಂದಿಯಿಂದ ಟೇಪು ತೂರಿಸಿದೆ. ಅಭ್ಯಾಸಬಲ.
ಐದಡಿ ಮೂರಂಗುಲ.

ಕ್ರಾನ್‌ಸ್ಟನ್ನಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದಾಳೆ.
ಫೋನು ಮಾಡಿ ಹೇಳಿದೆ. ತುಸು ಹೊತ್ತು ಟೀವಿಯ ಸದ್ದಷ್ಟೇ.
ಆಮೇಲೆ: ಸಲಿಕೆ ಇದೆಯಾ ನಿನ್ನ ಹತ್ತಿರ?
ಸಮುದ್ರದ ಕಡೆಯ ಬೇರು ಕಡಿ. ರಸ್ತೆ ಕಡೆಯದನ್ನು ಮುಟ್ಟಬೇಡ.
ಮುರಿದ ಸದ್ದು ಕೇಳಿದರೆ ನಿಲ್ಲಿಸು.
ಹೆಸರು ಕೇಳದೆ ಇಟ್ಟಳು.

ಇವತ್ತು ನವೆಂಬರು ಒಂಬತ್ತು.
ಬೇಲಿಗೆ ಬೀಗ ಇದೆ. ಕೀಲಿ ಇರುವುದು ನಮ್ಮ ಕಚೇರಿಯಲ್ಲೇ,
ನನ್ನ ಮೇಜಿನಿಂದ ಮೂರನೆಯ ಮೇಜಿನಲ್ಲಿ.