ಹನ್ನೊಂದು ಸೆಕೆಂಡು

ಬರ್ಗೆನ್ ಬಂದರಿಗೆ ಮುಖ ಮಾಡಿದ ಕೋಣೆಯಲ್ಲಿ
ಐವಿಂಡ್ ಬಿಳಿ ಹಲಗೆಗೆ ಬೆನ್ನು ಕೊಟ್ಟು ಹೇಳಿದ:
"ನಮ್ಮ ಕಸುಬು ದೋಣಿ ನಡೆಸುವುದು, ತೊರ್‌ಹಿಲ್ಡ್.
ಅದರ ತಳದ ಸಾಫ್ಟ್‌ವೇರು ಬಲ್ಲವರಿಗಿರಲಿ."

ಬಲ್ಲವರು ಕೌನಾಸಿನಲ್ಲಿದ್ದರು.
ಲಿಥುವೇನಿಯದ ಎರಡು ನದಿ ಕೂಡುವ ಊರು,
ಹಳೆಯ ಕಾರ್ಖಾನೆಯೊಂದರ ಮೂರನೆಯ ಮಹಡಿ,
ಅದೇ ಕೆಲಸಕ್ಕೆಂದೇ ಒಂಬತ್ತು ಮಂದಿ.
ನಾವಿದ್ದದ್ದು ಇಬ್ಬರು. ಆಮೇಲೆ ಒಬ್ಬಳು.

ಸುಳ್ಳೇಕೆ, ಕೇಳಿದೊಡನೆ ಎದೆ ಹಗುರಾಯಿತು.
ಹದಿನಾರು ವರ್ಷ ದಿಂಬಿನಡಿ ಫೋನು,
ಮೂರು ಹತ್ತರ ಬ್ಯಾಕಪ್ಪು ಬಿದ್ದರೆ ನಾನು ಏಳಬೇಕು,
ಮಗಳ ಕನ್ಫರ್ಮೇಶನ್ ಊಟದಂದೂ ತೊಡೆಯ ಮೇಲೆ
ಕರವಸ್ತ್ರದ ಬದಲು ಲ್ಯಾಪ್‌ಟಾಪು.
ಹೊಟ್ಟೆಕಿಚ್ಚು ಆಮೇಲೆ ಬಂತು, ತಡವಾಗಿ,
ಕೊನೆಯ ಬಸ್ಸಿನ ಹಾಗೆ.

ಹಸ್ತಾಂತರಕ್ಕೆ ಮೂರು ವಾರ.
ಪರದೆಯ ಆ ಕಡೆ ಔಶ್ರಿನೆ.
ಅವರ ನುಡಿಯಲ್ಲಿ ಬೆಳ್ಳಿಚುಕ್ಕಿ ಎಂದರ್ಥವಂತೆ.
ಎಡಗೈಯಲ್ಲಿ ಬರೆಯುವವಳು, ಒಂದೊಂದೇ ಗಂಟು ಬಿಚ್ಚಿದಳು:
ಯಾವ ಕೀಲಿ ಯಾವ ಬಾಗಿಲಿನದು,
ಯಾವ ಬಾಗಿಲ ಹಿಂದೆ ಬರೀ ಗೋಡೆ,
ಈ ಸ್ಕ್ರಿಪ್ಟಿಗೆ 'ಮುಟ್ಟಬೇಡಿ-೨' ಅಂತ ಹೆಸರೇಕೆ,
'ಮುಟ್ಟಬೇಡಿ-೧' ಎಲ್ಲಿ ಹೋಯಿತು.
ನಾನು ನಕ್ಕೆ. ಅವಳು ನಗಲಿಲ್ಲ, ಬರೆದುಕೊಂಡಳು.

ಮನೆಗೆ ಸೊಸೆ ಬಂದ ಹಾಗಲ್ಲ ಇದು.
ಅತ್ತೆಯೇ ಡಬ್ಬಿಡಬ್ಬಿಗೂ ಚೀಟಿ ಅಂಟಿಸಿ
ಹೊಸಿಲು ದಾಟುವುದು.

ಎರಡನೆಯ ಗುರುವಾರ ಕೇಳಿದಳು:
"ಗೇಟು ತೆರೆಯುವ ಮುನ್ನ ನಿಮ್ಮ ಕೋಡು
ಯಾರೋ ಗುಂಡಿ ಒತ್ತಲಿ ಎಂದು ಹನ್ನೊಂದು ಸೆಕೆಂಡು ಕಾಯುತ್ತದೆ.
ಹತ್ತಲ್ಲ, ಹನ್ನೆರಡಲ್ಲ.
ಈಗ ಯಾವ ಕಟ್ಟೆಯಲ್ಲೂ ಗುಂಡಿಯೇ ಇಲ್ಲವಲ್ಲ?"

ಇತ್ತು.
ಹೊರಗಿನ ದ್ವೀಪದಲ್ಲಿ ಟಿಕೆಟ್ ನೋಡುತ್ತಿದ್ದ ಸಿಗ್‌ವಾರ್ಟನಿಗೆ
ಲಕ್ವ ಹೊಡೆದು ಬಲಗೈ ಸೋತಿತ್ತು.
ಬೆರಳು ಗುಂಡಿ ತಲುಪುವಷ್ಟರಲ್ಲಿ
ಯಂತ್ರಕ್ಕೆ ಬೇಸರ ಬಂದು ತಾನೇ ತೆರೆದುಬಿಡುತ್ತಿತ್ತು,
ಅವನು ಅಲ್ಲಿಲ್ಲವೇ ಇಲ್ಲ ಎಂಬಂತೆ.
ನನ್ನ ಜೊತೆಗಾರ ಓಡ್‌ವಾರ್ ಒಂದು ಭಾನುವಾರ ದೋಣಿ ಹತ್ತಿ
ಆ ಕೈಯ ಪಕ್ಕ ಗಡಿಯಾರ ಹಿಡಿದು ಕೂತು
ಅಳೆದು ತಂದ ಹನ್ನೊಂದು ಅದು.
ಯಾವ ಕಡತದಲ್ಲೂ ಇಲ್ಲ.

"ಸಿಗ್‌ವಾರ್ಟ್ ಈಗ?"
ಹೋಗಿ ನಾಲ್ಕು ವರ್ಷ.
"ಓಡ್‌ವಾರ್?"
ಅವನು ಅದಕ್ಕೂ ಮುಂಚೆ.

ಪೆನ್ನು ಹಾಳೆಯ ಮೇಲೆ ನಿಂತಿತು.
ಅವಳ ಕಿಟಕಿಯಾಚೆ ಟ್ರಾಲಿಬಸ್ಸೊಂದು ಹಾದುಹೋದ ಸದ್ದು.
"ತೆಗೆಯಲೇ?" ಅಂದಳು, ತೀರ ಮೆಲ್ಲಗೆ,
ದೀಪ ಆರಿಸಲೇ ಅಂತ ಕೇಳುವ ಹಾಗೆ.
ತೆಗೆ, ಅಂದೆ.

ತಿಂಗಳ ಕೊನೆಗೆ ಬಿಲ್ಲು.
ಸಾಲು ಹದಿನೇಳು: ಅನಗತ್ಯ ಕಾಯುವಿಕೆ ತೆಗೆದದ್ದು, ಅರ್ಧ ಗಂಟೆ.
ಐವಿಂಡ್ ಸಹಿ ಹಾಕಿದ. ದರವೇನೂ ಹೆಚ್ಚಲ್ಲ.

ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ, ಇದನ್ನೂ ಬರೆದಿಡಬೇಕು.
ಆ ಚಳಿಗಾಲ ಒಂದು ರಾತ್ರಿಯೂ ಏನೂ ಬೀಳಲಿಲ್ಲ.
ನಾನು ಮಾತ್ರ ಮೂರು ಹತ್ತಕ್ಕೆ
ಹಾಲೂಡಿಸುವ ಹೊತ್ತು ಮರೆಯದ ಬಾಣಂತಿಯ ಹಾಗೆ
ಕತ್ತಲಲ್ಲಿ ಫೋನು ತಡಕುತ್ತೇನೆ.
ತಣ್ಣಗಿರುತ್ತದೆ.

ಕಳೆದ ಶನಿವಾರ ದ್ವೀಪಕ್ಕೆ ಹೊರಟೆ, ಸುಮ್ಮನೆ.
ಕಾರ್ಡು ತೋರಿಸಿದೊಡನೆ ಗೇಟು ತೆರೆಯಿತು,
ರಪ್ಪನೆ, ಗಾಳಿಗೆ ಪುಟ ಮಗುಚಿದ ಹಾಗೆ.
ನನ್ನ ಕಾಲು ಏಳಲಿಲ್ಲ.
ನಾಲ್ಕು. ಐದು. ಆರು.
ಹಿಂದೆ ಮೀನಿನ ಬಕೆಟ್ಟು ಹಿಡಿದ ಹುಡುಗ
"ತೆರೆದಿದೆ, ಹೋಗಿ" ಅಂದ.
ಗೊತ್ತು, ಅಂದೆ.
ಏಳು.