ಅಳಿಸಬೇಡಿ

ಬೋರಾ ಗಾಳಿ ಎದ್ದ ರಾತ್ರಿ ತ್ರಿಯೆಸ್ತೆಯಲ್ಲಿ
ಬಸ್ಸು ನಿಲ್ಲುತ್ತದೆ, ಕಸದ ತೊಟ್ಟಿಗಳು ನಡೆಯುತ್ತವೆ.
ನನ್ನಪ್ಪ ನಗರಸಭೆಯ ಆಳು. ಅಂಥ ರಾತ್ರಿ
ಮೂಲೆಯಿಂದ ಮೂಲೆಗೆ ಹಗ್ಗ ಬಿಗಿಯುತ್ತಿದ್ದ,
ಜನ ಹಿಡಿದುಕೊಂಡು ಮನೆ ಮುಟ್ಟಲೆಂದು.

ನಾನು ಝೋರ್ಕಾ. ಮೂರನೇ ಮಹಡಿಯ ಹಲಗೆಗಳನ್ನು ಒರೆಸುವವಳು.
ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಲೆಕ್ಕ
ಬಕೆಟ್ಟಿಗಿಳಿದು ನೀರು ಬೆಳ್ಳಗಾಗಿದೆಯೋ.
ಇದೊಂದರ ಮೇಲೆ ಮಾತ್ರ ನಾಲ್ಕು ತಿಂಗಳಿಂದ ಚೀಟಿ:
ಅಳಿಸಬೇಡಿ.
ಎರಡು ಭಾಷೆಯಲ್ಲಿ. ಎರಡೂ ನನಗೆ ಬರುತ್ತವೆ.
ಉಳಿದದ್ದು ಬರುವುದಿಲ್ಲ.

ಬಸ್ಸಿಲ್ಲದೆ ಸಿಕ್ಕಿಕೊಂಡ ಉಲ್ದೆರಿಕೊ
ಒಂದು ಸಿಗರೇಟು ಕೇಳಿದ. ಕಿಟಕಿ ತೆರೆಯುವಂತಿಲ್ಲ,
ಹಚ್ಚದೆ ಹಿಡಿದು ಕೂತ.
ಏನಿದು, ಅಂದೆ.
ಉಬ್ಬರಕ್ಕೂ ಮುಂಚಿನದು, ಅಂದ.
ನನಗೆ ಗೊತ್ತಿರುವ ಉಬ್ಬರ ಎರಡೇ:
ಕಡಲಿನದು, ಬ್ರೆಡ್ಡಿನ ಬೆಲೆಯದು.
ಇದು ಜಾಗದ ಉಬ್ಬರವಂತೆ.

ಅದಕ್ಕೂ ಮುಂಚೆ ದಿಕ್ಕು ಒಂಬತ್ತು,
ಒಂಬತ್ತೂ ಸುರುಳಿ, ಒಂದಕ್ಕೂ ಚುಕ್ಕೆಯಷ್ಟು ಮೈಯಿಲ್ಲ.
ಪ್ರತಿ ಸುರುಳಿಗೂ ಸುತ್ತಿಕೊಂಡ ಎಳೆಗಳು.
ಕಾಯಿಸಿದರೆ?
ಕಾಯುವುದಿಲ್ಲ, ಒಂದು ಮಿತಿಗೆ ಬಂದ ಮೇಲೆ
ಇಟ್ಟ ಬೆಂಕಿಯೆಲ್ಲ ಮತ್ತಷ್ಟು ಎಳೆಯಾಗುತ್ತದೆ.
ಹಿಂಡಿ ಕಿರಿದು ಮಾಡಿದರೆ?
ಒಂದು ಅಳತೆ ದಾಟಿ ಕುಗ್ಗಿದ್ದೂ
ಅಷ್ಟೇ ಹಿಗ್ಗಿದ್ದೂ ಒಂದೇ; ಒಳಗಿದ್ದವರಿಗೆ
ಯಾವುದೆಂದು ಹೇಳಲಾಗದು.

ಮತ್ತೆ ನಾವು ಹೇಗೆ ಬಂದೆವು, ಅಂದೆ. ನೆಲ ಇನ್ನೂ ಹಸಿ,
ದಾಟಿ ಹೋಗುವಂತಿರಲಿಲ್ಲ ಅವನು.

ಎಡಕ್ಕೆ ಸುತ್ತಿದ ಎಳೆ ಬಲಕ್ಕೆ ಸುತ್ತಿದ್ದಕ್ಕೆ ಎದುರಾದರೆ
ಎರಡೂ ಬಿಚ್ಚಿಕೊಳ್ಳುತ್ತವೆ. ಎದುರಾಗಬೇಕು, ಅಷ್ಟೇ.
ಮೂರು ದಿಕ್ಕಿನಲ್ಲಿ ಅವು ತಪ್ಪಿಸಿಕೊಳ್ಳಲಾರವು.
ಅದಕ್ಕಿಂತ ಹೆಚ್ಚಿದ್ದರೆ ಒಂದರ ಪಕ್ಕ ಒಂದು ಹಾದು ಹೋಗಿಬಿಡುತ್ತವೆ,
ಗುರುತಿಲ್ಲದವರ ಹಾಗೆ.
ಹಾಗೆ ಮೂರು ಸಡಿಲಾದವು. ಉದ್ದ, ಅಗಲ, ಎತ್ತರ.

ಉಳಿದ ಆರು?
ಕಟ್ಟಿಕೊಂಡೇ ಇವೆ. ನಿನ್ನ ಬಕೆಟ್ಟಿನಲ್ಲೂ.

ನಿಜವಾ?
ಸಿಗರೇಟನ್ನು ಬೆರಳಲ್ಲಿ ಹೊರಳಿಸಿದ.
ಗೊತ್ತಿಲ್ಲ. ಎದುರಿನ ಕೋಣೆಯವನು ನಂಬುವುದಿಲ್ಲ.
ಸೋಮವಾರಗಳಂದು ನಾನೂ.

ಗಾಜು ನಡುಗಿತು. ಯಾಕೋ ಅಪ್ಪ ನೆನಪಾದ,
ಮೊಣಕೈಗೆ ಹಗ್ಗದ ಸಿಂಬಿ ಹಾಕಿಕೊಂಡು ಹೊರಡುತ್ತಿದ್ದದ್ದು.
ಊರೆಲ್ಲ ಅವನ ಹಗ್ಗ ಹಿಡಿದು ನಡೆಯಿತು.
ಮೊದಲ ಗಂಟು ಹಾಕುವಾಗ
ಅವನು ಏನು ಹಿಡಿದುಕೊಂಡಿದ್ದ?
ಕೇಳಲೇ ಇಲ್ಲ ನಾನು. ಕೇಳಬಹುದಿತ್ತು,
ಎಂಬತ್ತೊಂದರವರೆಗೆ ಇದ್ದ.

ಉಲ್ದೆರಿಕೊ ಕುರ್ಚಿಯಲ್ಲೇ ನಿದ್ದೆಹೋದ.
ಹಲಗೆ ಮುಟ್ಟಲಿಲ್ಲ. ಕೆಳಗಿನ ಪಟ್ಟಿಯಲ್ಲಿ
ಉದುರಿದ್ದ ಸುಣ್ಣದ ಪುಡಿಯನ್ನಷ್ಟೇ ಒರೆಸಿದೆ.
ಅದಕ್ಕೆ ಯಾರೂ ಚೀಟಿ ಅಂಟಿಸಿರಲಿಲ್ಲ.