ಗಾಡಿ ನೋಡಲು ಬಂದವನಿಗೆ

ಬಾನೆಟ್ ಆಮೇಲೆ ಎತ್ತುವಾ ಹಮೂದ್,
ಮೊದಲು ಹಿಂದೆ ಬಾ.
ವಾದಿ ಕಬೀರಿನ ಈ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ,
ಎಲ್ಲರೂ ಮುಂದಿನಿಂದಲೇ ಶುರುಮಾಡುತ್ತಾರೆ:
ಎಷ್ಟು ಕುದುರೆ, ಎಷ್ಟು ಸೆಕೆಂಡಿಗೆ ನೂರು,
ಮದುಮಗನ ಸಂಬಳ ಕೇಳಿದ ಹಾಗೆ.

ಕುದುರೆಗಳಿವೆ, ಮುನ್ನೂರರ ಮೇಲೆ.
ಈ ಊರಲ್ಲಿ ಯಾವ ಗಾಡಿಗಿಲ್ಲ ಕುದುರೆ?
ಪೆಟ್ರೋಲ್ ಬಂಕಿನ ಸಾಲಲ್ಲಿ ನಿಂತು
ಮೇಯುತ್ತವೆ ಎಲ್ಲವೂ.

ನಿನ್ನ ಗೆಳೆಯರು ನಕ್ಕರಂತೆ, ಬ್ರೆಡ್ಡಿನ ಗಾಡಿ ಎಂದು.
ಇಲ್ಲಿ ಗಂಡಸಿಗೆ ಎತ್ತರದ್ದೇ ಬೇಕು, ಮರಳು ಹತ್ತುವಂಥದ್ದು.
ತಗ್ಗಾಗಿ, ಉದ್ದವಾಗಿ, ಬೆಕ್ಕಿನ ಹಾಗೆ ಹೊಟ್ಟೆ ನೆಲಕ್ಕಿಟ್ಟ ಇದು
ಯಾರ ಲೆಕ್ಕಕ್ಕೂ ಬರಲಿಲ್ಲ,
ಡಾಕ್ಟರ್ ಝುವೈನಾ ಒಬ್ಬಳನ್ನು ಬಿಟ್ಟು.
ಶೋರೂಮಿನವ ಮೂರು ಸಲ ಕೇಳಿದನಂತೆ: ಖಂಡಿತಾ ಇದೇನಾ?

ಕೈ ಇಡು ಇಲ್ಲಿ. ಸೀಟು ಮಡಚಿದರೆ ಚಾಪೆಯಷ್ಟು ಸಮ.
ಗೆಣ್ಣಿನಿಂದ ತಟ್ಟು. ಟೊಳ್ಳು ಸದ್ದು ಬಂದರೆ ಬಿಟ್ಟುಬಿಡು,
ಎಳನೀರಾದರೂ ಸೈ, ಗಾಡಿಯಾದರೂ ಸೈ.
ಒಳ್ಳೆಯ ವ್ಯಾಗನ್ ಎರಡು ಮಾತಾಡಬಾರದು:
ಮೂಗು ಎಡಕ್ಕೆ ಹೊರಳಿದಾಗ
ಬೆನ್ನು ಯೋಚಿಸುತ್ತ ನಿಲ್ಲಬಾರದು.
ಖಾಲಿ ಇದ್ದಾಗ ಕುಣಿಯಬಾರದು,
ತುಂಬಿದಾಗ ಕುಂಡೆ ಊರಬಾರದು
(ಕ್ಷಮಿಸು, ನಮ್ಮ ಉಳ್ಳಾಲದಲ್ಲಿ ಹಾಗೇ ಹೇಳುವುದು).
ಗಾಳಿಯ ಸಸ್ಪೆನ್ಷನ್. ಈ ಬಿಸಿಲಿಗೆ ಅದರ ರಬ್ಬರು ಬಿರಿಯುತ್ತದೆ,
ಎರಡು ಸಲ ಬದಲಿಸಿದ್ದೇನೆ, ಬಿಲ್ಲು ಖಾನೆಯಲ್ಲಿದೆ.
ದುಬಾರಿ. ಸುಳ್ಳು ಹೇಳಲಾರೆ.

ಚರ್ಮದ ಸೀಟು? ಚೆನ್ನಾಗಿದೆ.
ಆದರೆ ಮಸ್ಕತ್ತಿನ ಜೂನಿನಲ್ಲಿ
ಆ ಚರ್ಮದ ತೂತುಗಳಿಂದ ಬರುವ ತಂಪೇ ಐಷಾರಾಮ.

ಇನ್ನೊಂದಿದೆ, ಕ್ಯಾಟಲಾಗಿನಲ್ಲಿ ಇಲ್ಲದ್ದು.

ಹೋದ ರಂಜಾನಿಗೆ ಮೊದಲು, ಟೆಸ್ಟಿಗೆಂದು ಇದನ್ನು
ಕುರಯ್ಯಾತ್‌ವರೆಗೆ ಓಡಿಸಿದ್ದೆವು, ನಾನೂ ಶೇರ್‌ಜಮಾನನೂ.
ನಮ್ಮ ಡೆಂಟರ್, ಸ್ವಾತ್ ಕಡೆಯವ, ಆರಡಿ ಎರಡಿಂಚು.
ಅಲ್ಲಿ ತಮ್ಮನ ಶೆಡ್ಡಿನ ತಗಡು ಸರಿಮಾಡಲು ಹತ್ತಿದ.
ತಗಡು ತಾಳಲಿಲ್ಲ.
ಬಿದ್ದ. ಸೊಂಟ.
ಆಂಬುಲೆನ್ಸಿನವರು ಬರುತ್ತಿದ್ದೇವೆ ಎಂದರು,
ಅವನ ತುಟಿ ಅಷ್ಟರಲ್ಲಿ ಬೂದಿಬಣ್ಣ.
ಹಿಂದಿನ ಸೀಟು ಮಡಚಿದೆ, ಮುಂದಿನದನ್ನು
ಡ್ಯಾಶ್‌ಬೋರ್ಡಿಗೆ ತಾಗುವವರೆಗೆ ತಳ್ಳಿದೆ,
ಪ್ಲೈವುಡ್ ಹಲಗೆಯ ಮೇಲೆ ನಾಲ್ಕು ಜನ ಅವನನ್ನು ಒಳಗೆ ಸರಿಸಿದೆವು.
ಆರಡಿ ಎರಡಿಂಚೂ ಹಿಡಿಯಿತು.
ಹಿಂಬಾಗಿಲು, ಅವನ ಹಿಮ್ಮಡಿಗಿಂತ ನಾಲ್ಕು ಬೆರಳು ಆಚೆ,
ತಾನಾಗಿ ಇಳಿದು ಮುಚ್ಚಿಕೊಂಡಿತು.

ಇನ್ನು ನಿನ್ನ ಕುದುರೆಗಳ ಮಾತು.
ಬೆಟ್ಟದ ತಿರುವುಗಳಲ್ಲಿ ಸ್ಟಿಯರಿಂಗನ್ನು
ಹಸುಗೂಸಿನ ತಲೆ ಹಿಡಿದ ಹಾಗೆ ಹಿಡಿದಿದ್ದೆ.
ನೇರ ರಸ್ತೆ ಬಂತು, ಲಾಯದ ಬಾಗಿಲು ತೆಗೆದೆ.
ಮುಳ್ಳು ಎಲ್ಲಿಗೆ ಹೋಯಿತೆಂದು ನಾನು ಹೇಳುವುದಿಲ್ಲ,
ಕ್ಯಾಮೆರಾ ಡಾಕ್ಟರಿಗೆ ಹೇಳಿತು, ದಂಡ ಅವಳೇ ಕಟ್ಟಿದಳು.

ಒಂದು ನರಳಿಕೆ ಇಲ್ಲ.
ಹೋದನೋ ಎಂದು ಹೆದರಿ ಓರೆಗಣ್ಣಲ್ಲಿ ನೋಡಿದೆ.
ಮಾಡು ನೋಡುತ್ತ ಮಲಗಿದ್ದ, ಕಿವಿಗೊಟ್ಟು.
"ಹಸನಬ್ಬಾ," ಎಂದ,
"ಎಡಗಡೆ ಹಿಂದಿನ ಬಾಗಿಲ ಬೀಡಿಂಗು ಕಿರ್ ಅನ್ನುತ್ತಿದೆ."

ಅಷ್ಟು ವೇಗದಲ್ಲಿ, ಮುರಿದ ಸೊಂಟದವನಿಗೆ
ಅಷ್ಟು ಸಣ್ಣ ಸದ್ದು ಕೇಳಿಸಿತು, ಹಮೂದ್.

ಈಗ ಬಾನೆಟ್ ಎತ್ತು, ನೋಡು.
ಬೀಡಿಂಗು ಹೊಸತು. ಅದರ ಬಿಲ್ಲು ಖಾನೆಯಲ್ಲಿ ಸಿಗುವುದಿಲ್ಲ.
ಬೆಲೆಯ ಮಾತು ಅವನ ಹತ್ತಿರ ಆಡು, ಅಗೋ,
ಊರುಗೋಲು ಗೋಡೆಗೊರಗಿಸಿ
ಯಾರದೋ ಮಡ್‌ಗಾರ್ಡು ಬಡಿಯುತ್ತಿರುವವ.
ಡಾಕ್ಟರು ಒಪ್ಪಿದರೂ
ಅವನು ಕಡಿಮೆಗೆ ಬಿಡುವುದಿಲ್ಲ.